ಲುಡ್ವಿನಾ ಅಜ್ಜಿ ಕೂತ ಜಾಗ

ಸ್ಪ್ರೂಸ್ ಬೆಂಡ್, ಯೂಕಾನ್ ನದಿ
ಮಂಗಳವಾರ, ಸೆಪ್ಟೆಂಬರ್ 18, 1984

ನನ್ನ ಮಗಳು ರೊಸಾಲಿಗೆ,

ನೀನು ಸಿಟ್ಟಿನಲ್ಲಿದ್ದೀಯ ಅಂತ ಗೊತ್ತು. ಆ ಸಿಟ್ಟು ಆರುವ ಮೊದಲೇ ಈ ಕಾಗದ ನಿನ್ನ ಕೈ ಸೇರಲಿ. ಆರಿದ ಮೇಲೆ ಸೇರಿದರೆ ನೀನು ನನ್ನನ್ನು ಬೇಗ ಕ್ಷಮಿಸಿಬಿಡುತ್ತೀಯ. ಅದು ನನಗೆ ಬೇಡ.

ನಾಳೆ ಟಪಾಲು ವಿಮಾನ ಬರುತ್ತದೆ. ಹವಾಮಾನ ಮುನಿಸಿಕೊಳ್ಳದಿದ್ದರೆ ನೀನು ಶುಕ್ರವಾರ ಫೇರ್‌ಬ್ಯಾಂಕ್ಸ್ ಬಿಡುವ ಮೊದಲು ಇದನ್ನು ಓದಿರುತ್ತೀಯ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಊರಿಗೆಲ್ಲ ಇರುವುದು ಕಚೇರಿಯಲ್ಲಿರುವ ಅದೊಂದೇ ಫೋನು. ಅದು ಬಡಿದುಕೊಂಡರೆ ಸಾಕು, ಒಲೆಯ ಸುತ್ತ ಕೂತವರೆಲ್ಲ ಕಾಫಿ ಲೋಟ ಕೆಳಗಿಟ್ಟು ಕಿವಿ ನೆಟ್ಟಗೆ ಮಾಡುತ್ತಾರೆ. ಭಾನುವಾರ ನೀನು ಕಾಸ್ಮಸ್ ಚಿಕ್ಕಪ್ಪನನ್ನು ಅದೇ ಫೋನಿಗೆ ಕರೆಸಿ ಬೈದದ್ದೂ ಹೀಗೇ ಎಲ್ಲರ ಕಿವಿಗೆ ಬಿತ್ತು. "ಅಪ್ಪನ ಪಾಟ್‌ಲ್ಯಾಚ್ ಊಟಕ್ಕೆ ಅಂತ ಹೊಡೆದ ಮೂಸಿನ ಮಾಂಸಾನ ಕೊಳೆಸಿ ತಂದ್ಯಲ್ಲ, ನಿಂಗೆ ನಾಚಿಕೆ ಆಗಲ್ವಾ? ಶನಿವಾರ ನೀನೇನಾದ್ರೂ ಆ ಸಾರಿನ ಹಂಡೆ ಮುಟ್ಟಿದ್ರೆ ನಾನು ವಿಮಾನದಿಂದ ಇಳಿಯೋದೇ ಇಲ್ಲ" ಅಂದೆಯಂತೆ. ಅವನು ಎರಡೂ ಕೈಯಲ್ಲಿ ಫೋನು ಹಿಡಿದುಕೊಂಡು ಕೊನೆಯವರೆಗೂ ಕೇಳಿ, "ಆಯ್ತಮ್ಮ" ಅಂದು ಮೆಲ್ಲಗೆ ಇಟ್ಟನಂತೆ. ಸ್ವಂತ ಅಣ್ಣನ ವರ್ಷದ ನೆನಪಿನ ಊಟದಲ್ಲಿ ತಮ್ಮನಾದವನು ಸೌಟು ಹಿಡಿಯಬಾರದು ಅಂದರೆ ಏನರ್ಥ ಅಂತ ನಿನಗೂ ಗೊತ್ತು, ಅವನಿಗೂ ಗೊತ್ತು.

ರೊಸಾಲಿ, ಮಾಂಸ ಕೆಡಿಸಿದ್ದು ಅವನಲ್ಲ. ನಾನು. ಇಷ್ಟು ಬರೆಯಲು ಎಷ್ಟು ಹಾಳೆ ಹರಿದು ಒಲೆಗೆ ಹಾಕಿದೆನೋ, ಬೆಂಕಿ ಮಾತ್ರ ಚೆನ್ನಾಗಿ ಉರಿಯುತ್ತಿದೆ.

ಅವನು ಏನು ಮಾಡಿದ ಅಂತ ಮೊದಲು ಹೇಳುತ್ತೇನೆ, ಯಾಕೆಂದರೆ ಅವನು ಮಾಡಿದ್ದೆಲ್ಲ ಸರಿಯಾಗಿತ್ತು. ಉಪನದಿಯಲ್ಲಿ ನಾವಿಬ್ಬರೂ ದೋಣಿಯಲ್ಲಿ ತುಂಬಾ ಮೇಲಕ್ಕೆ ಹೋಗಿದ್ದೆವು. ಮೂಸು ಸಿಕ್ಕಿತು. ಒಳ್ಳೆ ಗಂಡು, ಕೊಬ್ಬಿತ್ತು, ಕೊಂಬು ನಮ್ಮ ಬಾಗಿಲಿನಷ್ಟು ಅಗಲ. ಅದು ನೀರಿನಲ್ಲಿದ್ದಾಗ ಅವನು ಹೊಡೆಯಲಿಲ್ಲ, ದಡ ಹತ್ತಿ ಮೈ ಕೊಡವಿಕೊಳ್ಳುವವರೆಗೆ ಕಾದ. ಬಿದ್ದ ತಕ್ಷಣ ಹೊಟ್ಟೆ ಬಿಡಿಸಿ, ಚರ್ಮ ಸುಲಿದು, ತೊಡೆ, ಭುಜ, ಪಕ್ಕೆ ಬೇರೆ ಬೇರೆ ಮಾಡಿ ಮರದ ನೆರಳಿನಲ್ಲಿ ಗಳು ಕಟ್ಟಿ ತೂಗುಹಾಕಿದ. ಕೆಳಗೆ ಹಸಿ ಕೊಂಬೆಯ ಹೊಗೆ ಹಾಕಿದ, ಒಂದು ನೊಣ ಹತ್ತಿರ ಸುಳಿಯಲಿಲ್ಲ. ರಾತ್ರಿಯ ಚಳಿಗೆ ಮಾಂಸ ಮೂಳೆಯವರೆಗೂ ತಣ್ಣಗಾಗಿ, ಮೇಲೆ ಒಣಗಿದ ಪೊರೆ ಕಟ್ಟಿತು. ಆಮೇಲೇ ಅದನ್ನು ದೋಣಿಗೆ ಇಳಿಸಿದ್ದು. ತಳಕ್ಕೆ ಗಳು ಹಾಸಿ, ಗಳುವಿನ ಮೇಲೆ ಸೊಪ್ಪು ಹಾಸಿ, ಒಂದೊಂದು ತುಂಡನ್ನೂ ಬಟ್ಟೆ ಚೀಲಕ್ಕೆ ಹಾಕಿ ಒಂದಕ್ಕೊಂದು ತಾಗದ ಹಾಗೆ ಇಟ್ಟ. ನಿನ್ನಪ್ಪ ಇದ್ದಿದ್ದರೂ ಅದರಲ್ಲಿ ಹುಳುಕು ಹುಡುಕಲು ಆಗುತ್ತಿರಲಿಲ್ಲ.

ಮನೆಗೆ ಎರಡು ದಿನದ ದಾರಿ. ಆ ವಾರ ಬಿಸಿಲಿಗೆ ಹುಚ್ಚು ಹಿಡಿದಿತ್ತು, ಸೆಪ್ಟೆಂಬರ್ ಅನ್ನುವುದೇ ಅದಕ್ಕೆ ಮರೆತುಹೋಗಿತ್ತು. ಕಾಸ್ಮಸ್ ಅದಕ್ಕೂ ಉಪಾಯ ಮಾಡಿದ್ದ. ಬೆಳಗಿನ ಮಂಜಿನಲ್ಲಿ ಓಡಿಸೋದು, ಬಿಸಿಲು ಏರಿದಾಗ ದಡದ ನೆರಳಿನಲ್ಲಿ ನಿಲ್ಲಿಸಿ ಚೀಲ ಬಿಚ್ಚಿ ಗಾಳಿ ಆಡಿಸೋದು. "ನೀರಿನ ಮೇಲಿನ ಗಾಳಿಗಿಂತ ಒಳ್ಳೆ ಐಸ್‌ಪೆಟ್ಟಿಗೆ ಯಾವ್ದಿದೆ ಅತ್ತಿಗೆ, ಕರೆಂಟೂ ಬೇಡ" ಅಂತ ನಗುತ್ತಿದ್ದ. ಮೊದಲ ಬೆಳಿಗ್ಗೆ ಹಾಗೇ ಬಂದೆವು. ನಾನು ಮುಂದೆ ಕೂತು ಆ ಬಿಳಿ ಚೀಲಗಳನ್ನು ಹಿಂದಿರುಗಿ ಹಿಂದಿರುಗಿ ನೋಡುತ್ತಿದ್ದೆ. ನಿನ್ನಪ್ಪ ಹೋದ ಮೇಲೆ ನನಗೆ ಅಷ್ಟು ಸಂತೋಷವಾದದ್ದು ಅವತ್ತೇ.

ಈಗ ನನ್ನ ಸರದಿ.

ಹೋದ ವರ್ಷ ನಿನ್ನಪ್ಪನನ್ನು ಮಣ್ಣು ಮಾಡಿದ ದಿನ ಊಟಕ್ಕೆ ಜನ ಜಾಸ್ತಿ, ಮಾಂಸ ಕಡಿಮೆ. ನಾನು ಹಂಡೆಗೆ ನೀರು ಸುರಿದು ಸುರಿದು ಸಾರು ಎಳೆದೆ. ಆಗ ಲುಡ್ವಿನಾ ಅಜ್ಜಿ, ನಿನ್ನಪ್ಪನ ಸ್ವಂತ ಸೋದರತ್ತೆ, ಬಟ್ಟಲೊಳಗೆ ಚಮಚ ಆಡಿಸಿ ಜೋರಾಗಿ ಅಂದಳು: "ಮೂಸು ಈ ಸಾರಲ್ಲಿ ಈಜಿ ಆ ಕಡೆ ದಡ ಹತ್ತಿ ಹೋಗಿದೆ ಕಣ್ರೋ!" ಇಡೀ ಸಭಾಂಗಣ ನಕ್ಕಿತು. ನೀನು ಆಗ ಹೊರಗೆ ಸಮಾಧಿಯ ಹತ್ತಿರ ಇದ್ದೆ, ನಿನಗೆ ಗೊತ್ತಿಲ್ಲ. ನಾನೂ ನಕ್ಕೆ. ಮನೆಗೆ ಬಂದು ಅತ್ತೆ. ಅವತ್ತೇ ನಿಶ್ಚಯ ಮಾಡಿಕೊಂಡೆ, ವರ್ಷದ ಊಟದಲ್ಲಿ ಚಮಚ ಹಾಕಿದರೆ ಮಾಂಸದಲ್ಲಿ ನೆಟ್ಟಗೆ ನಿಲ್ಲಬೇಕು, ಆ ಮುದುಕಿ ನೋಡಬೇಕು ಅಂತ.

ಉಪನದಿ ದೊಡ್ಡ ನದಿಗೆ ಸೇರುವ ತಿರುವಿನಲ್ಲಿ ಆ ಮುದುಕಿಯ ಮೀನಿನ ಬಿಡಾರ. ಅಲ್ಲಿಂದ ಮನೆಯವರೆಗೂ ದಡದುದ್ದಕ್ಕೂ ಬೇರೆಯವರ ಬಿಡಾರಗಳು. ಮಾಂಸ ತಂದ ದೋಣಿ ಯಾವ ಬಿಡಾರವನ್ನೂ ಸುಮ್ಮನೆ ದಾಟಿ ಹೋಗುವುದಿಲ್ಲ, ನಿಂತು ಕೈಯೆತ್ತಿ ಕೊಟ್ಟು ಹೋಗುತ್ತದೆ ಅಂತ ನಿನಗೆ ಕಲಿಸಿದವಳೇ ನಾನು. ಆದರೆ ಅವತ್ತು ನನ್ನ ತಲೆಯೊಳಗೆ ಬೇರೆ ಲೆಕ್ಕ. ಇವಳಿಗೆ ಭುಜ, ಅವರಿಗೆ ಪಕ್ಕೆ, ಇವರಿಗೆ ಕೊಬ್ಬು ಅಂತ ಕೊಟ್ಟುಕೊಂಡು ಹೋದರೆ ಮನೆ ಮುಟ್ಟುವಾಗ ಮತ್ತೆ ನೀರು ಸಾರೇ ಅನ್ನಿಸಿತು. ಮೊದಲ ತುಂಡೇ ಅವಳ ಕೈಗೆ ಹೋಗುವುದು ಅನ್ನುವುದಂತೂ ಗಂಟಲಲ್ಲಿ ಇಳಿಯಲಿಲ್ಲ.

ತಿರುವಿಗೆ ಮೊದಲು ದೋಣಿ ನಿಲ್ಲಿಸಲು ಹೇಳಿದೆ. ಡೇರೆಯ ನೀಲಿ ಪ್ಲಾಸ್ಟಿಕ್ ಟಾರ್ಪಾಲು ಬಿಚ್ಚಿ ಮಾಂಸದ ಮೇಲೆ ಹೊದಿಸಿ ನಾಲ್ಕೂ ಕಡೆ ಒಳಗೆ ತುರುಕಿದೆ. ಕಾಸ್ಮಸ್ ನೋಡುತ್ತಾ ನಿಂತಿದ್ದ. "ಅತ್ತಿಗೆ, ಮಾಂಸಕ್ಕೆ ಉಸಿರು ಬೇಕು. ಈ ಬಿಸಿಲಲ್ಲಿ ಪ್ಲಾಸ್ಟಿಕ್ ಹಾಕಿದ್ರೆ ಒಳಗೇ ಬೇಯುತ್ತೆ" ಅಂದ. "ತಿರುವು ದಾಟೋವರೆಗೆ ಅಷ್ಟೇ ಕಣೋ. ಆಮೇಲೆ ತೆಗೆದ್ರಾಯ್ತು" ಅಂದೆ. "ಅತ್ತೆ ಒಬ್ಬಳೇ ಇರ್ತಾಳೆ, ಒಂದು ತುಂಡು ಕೊಟ್ಟು ಹೋಗೋಣ" ಅಂದ. ಆಗ ನಾನು ಏನಂದೆ ಗೊತ್ತಾ? "ಊಟ ಹಾಕೋಳು ನಾನು. ಮಾತು ಕೇಳೋಳೂ ನಾನು. ನಿಂಗೇನು ಗೊತ್ತು?" ಅಂದೆ. ಅವನು ಅಣ್ಣನ ಹೆಂಡತಿಗೆ ಎದುರು ಮಾತಾಡಿದವನಲ್ಲ. ಸುಮ್ಮನೆ ಹಗ್ಗದ ತುದಿ ನನ್ನ ಕೈಗೆ ಕೊಟ್ಟ. ಟಾರ್ಪಾಲಿನ ಮೇಲೆ ಹಾಸಿಗೆ, ಡೇರೆ, ಖಾಲಿ ಪೆಟ್ರೋಲ್ ಡಬ್ಬಿ ಎಲ್ಲ ಪೇರಿಸಿ, ಕೊಂಬನ್ನೂ ಅಡಿಗೆ ತಳ್ಳಿ, ಬರಿಗೈಯಲ್ಲಿ ಬಂದವರ ದೋಣಿ ಮಾಡಿದೆ.

ತಿರುಗಿದೆವು. ಲುಡ್ವಿನಾ ಅಜ್ಜಿ ತಲೆಗೆ ಬಟ್ಟೆ ಕಟ್ಟಿಕೊಂಡು ನೀರಿನ ಅಂಚಿಗೇ ಬಂದು ನಿಂತಿದ್ದಳು, ಪಕ್ಕದಲ್ಲಿ ಅವಳ ಗಂಟುಮೂಟೆ. "ಕಾಸ್ಮಸಾ! ನಿನ್ ಮೋಟಾರಿನ ಕೆಮ್ಮು ಬೆಳಗ್ಗಿಂದ ಕೇಳ್ತಿದೆ. ಬಾ, ನನ್ನ ಊರಿಗೆ ಕರ್ಕೊಂಡ್ ಹೋಗು. ನಿಮ್ಮಣ್ಣ ಅಲೋಶಿಯಸ್ ಊಟಕ್ಕೆ ನಾನಿಲ್ದೆ ಇರೋಕಾಗುತ್ತಾ?" ಅಂತ ಕೂಗಿದಳು. ನಿಲ್ಲಿಸದೆ ಇರಲಾಗಲಿಲ್ಲ. "ಏನಾದ್ರೂ ಸಿಕ್ತೇನ್ರೋ?" ಅಂತ ಕೇಳಿದಳು. ಕಾಸ್ಮಸ್ ನೀರು ನೋಡಿದ. ನಾನು, "ಏನೂ ಇಲ್ಲ ಅತ್ತೆ. ಒಂದು ಹೆಜ್ಜೆ ಗುರುತು ಕೂಡ ಇಲ್ಲ" ಅಂದೆ.

ಅವಳು ಒಂದು ಗಳಿಗೆ ನಮ್ಮಿಬ್ಬರನ್ನೂ ನೋಡಿದಳು. ಆಮೇಲೆ ಆ ನೋಯುವ ಮೊಣಕಾಲು ಎಳೆದುಕೊಂಡು ಮತ್ತೆ ದಡ ಹತ್ತಿ ಹೋದಳು. ಬರುವಾಗ ಕೈತುಂಬ ಒಣಗಿಸಿದ ಸಾಲ್ಮನ್ ಮೀನಿನ ಕಟ್ಟುಗಳು. ಇನ್ನೊಂದು ಸಲ ಹೋದಳು, ಇನ್ನೂ ತಂದಳು. ಬೇಸಿಗೆಯೆಲ್ಲ ಒಬ್ಬಳೇ ಕೊಯ್ದು, ಹೊಗೆ ಹಾಕಿ, ಚಳಿಗಾಲಕ್ಕೆ ಅಂತ ಇಟ್ಟುಕೊಂಡದ್ದು. "ಬಿಡಮ್ಮ, ಸಿಗದ ವರ್ಷ ಸಿಗಲ್ಲ. ನಮ್ಮ ಹುಡುಗನ ಊಟಕ್ಕೆ ಬರಿಗೈಲಿ ಹೋಗೋದು ಬೇಡ" ಅಂದು ಅಷ್ಟನ್ನೂ ನನ್ನ ಮಡಿಲಿಗೆ ಹಾಕಿದಳು. ದೋಣಿ ಹತ್ತಿ, ಎಲ್ಲಿ ಕೂರಲಿ ಅಂತ ಅತ್ತಿತ್ತ ನೋಡಿ, ಹೋಗಿ ಹೋಗಿ ಆ ಹಾಸಿಗೆ ರಾಶಿಯ ಮೇಲೇ ಕೂತಳು. "ಅಬ್ಬ, ರಾಣಿ ಕೂತ ಹಾಗಾಯ್ತು" ಅಂದಳು.

ಮಗಳೇ, ನನ್ನ ಜೀವನದಲ್ಲಿ ಅಷ್ಟು ಉದ್ದದ ದಾರಿ ನಾನು ಬಂದಿಲ್ಲ. ಕೆಳಗೆ ಮೂಸು, ಮೇಲೆ ಅಜ್ಜಿ, ಅದರ ಮೇಲೆ ಸೂರ್ಯ. ಪ್ರತಿ ಬಿಡಾರ ಬಂದಾಗಲೂ ಅವಳು ಅಲ್ಲಿಂದಲೇ ಕೈ ಬೀಸಿ, "ಪಾಪ, ಇವರಿಗೆ ಏನೂ ಸಿಕ್ಕಿಲ್ಲ ಕಣ್ರೋ! ಅಲೋಶಿಯಸ್ ಊಟ ಹತ್ರ ಬಂತು!" ಅಂತ ಕೂಗುವಳು. ಜನ ಓಡಿ ಬರುವರು. ಒಬ್ಬರು ಬಾತುಕೋಳಿ ತಂದರು, ಒಬ್ಬರು ಹಸಿ ಮೀನು, ಇನ್ನೊಬ್ಬರು ತಮ್ಮ ಪಾಲಿನ ಮೂಸಿನ ಭುಜವನ್ನೇ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ನಾನು ಎರಡೂ ಕೈ ಚಾಚಿ ತೆಗೆದುಕೊಂಡೆ. ಕೊಡಬೇಕಾಗಿದ್ದ ದೋಣಿ ಬೇಡುವ ದೋಣಿಯಾಯಿತು. ಟಾರ್ಪಾಲು ತೆಗೆಯೋಣ ಅಂದರೆ ಅವಳು ದಾರಿಯುದ್ದಕ್ಕೂ ಆ ಜಾಗ ಬಿಟ್ಟು ಏಳಲೇ ಇಲ್ಲ. ರಾತ್ರಿ ದಡದಲ್ಲಿ ತಂಗಿದಾಗಲೂ ನೆಲ ತನ್ನ ಮೊಣಕಾಲಿಗೆ ಆಗದು ಅಂತ ಅಲ್ಲೇ ಮುದುರಿಕೊಂಡು ಮಲಗಿದಳು. ಕಾಸ್ಮಸ್ ಮೋಟಾರು ಹಿಡಿದು ಕೂತವನು ಒಂದೊಂದು ಸಲ ನನ್ನ ಮುಖ ನೋಡುತ್ತಿದ್ದ. ನಾನು ದಡದ ಮರ ನೋಡುತ್ತಿದ್ದೆ.

ಹೋದ ಶುಕ್ರವಾರ ಮನೆ ಮುಟ್ಟಿದೆವು. ಅಜ್ಜಿಯನ್ನು ಮೊದಲು ಮನೆಗೆ ಕಳಿಸಿ ಆಮೇಲೆ ಬಿಚ್ಚಿದರಾಯಿತು ಅಂದುಕೊಂಡಿದ್ದೆ. ಆದರೆ ಸಾಮಾನು ಇಳಿಸಲು ಅರ್ಧ ಊರೇ ದಡಕ್ಕೆ ಬಂದಿತ್ತು. ಯಾರೋ ಹಾಸಿಗೆ ಎತ್ತಿದರು, ಯಾರೋ ಹಗ್ಗ ಎಳೆದರು. ಟಾರ್ಪಾಲು ತೆಗೆದ ಕೂಡಲೇ ಒಳಗಿನಿಂದ ಹಬೆ ಬಂತು, ಅದರ ಹಿಂದೆ ವಾಸನೆ. ಬಟ್ಟೆ ಚೀಲಗಳೆಲ್ಲ ಒದ್ದೆ. ಕಾಸ್ಮಸ್ ಬಗ್ಗಿ ತೊಡೆಯ ಮೂಳೆಯ ಪಕ್ಕಕ್ಕೆ ಚಾಕು ಇಳಿಸಿ, ಹೊರಗೆ ತೆಗೆದು ಮೂಸಿ ನೋಡಿದ. ಇನ್ನೊಂದು ತೊಡೆಗೂ ಹಾಗೇ ಮಾಡಿದ. ಚಾಕುವನ್ನು ಪ್ಯಾಂಟಿಗೆ ಒರೆಸಿಕೊಂಡು ಎದ್ದು ನಿಂತ. ಆಮೇಲೆ ಗುಂಪಿನಿಂದ ಯಾರೋ, "ಟಾರ್ಪಾಲು ಕಟ್ಟಿದ ಮಹಾನುಭಾವ ಯಾರಪ್ಪಾ?" ಅಂದರು.

"ನಾನು" ಅಂದ ಕಾಸ್ಮಸ್.

ನನ್ನ ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ಬರಲಿಲ್ಲ ಅಂತ ಯಾಕೆ ಬರೆಯಲಿ, ನಾನು ಬಿಡಲಿಲ್ಲ. ಲುಡ್ವಿನಾ ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ನಾನು ಅವಳ ಗಂಟು ಎತ್ತಿಕೊಂಡು, ಬನ್ನಿ ಅತ್ತೆ, ಚಹಾ ಮಾಡುತ್ತೇನೆ ಅಂತ ದಡ ಹತ್ತಿ ಬಂದುಬಿಟ್ಟೆ.

ಕುತ್ತಿಗೆ, ಮೂಗು, ಒಂದಿಷ್ಟು ಪಕ್ಕೆ ಕೆಡದೆ ಉಳಿಯಿತು. ಮಿಕ್ಕದ್ದನ್ನು ನಾಯಿಗೂ ಹಾಕಲಿಲ್ಲ. ಕಾಸ್ಮಸ್ ಒಬ್ಬನೇ ದೋಣಿಯಲ್ಲಿ ಎದುರಿನ ದ್ವೀಪಕ್ಕೆ ಒಯ್ದು ಸುಟ್ಟ. ಮೂಸಿಗೆ ತಪ್ಪಾಯಿತು ಅಂತ ಹೇಳಿ ಬಂದಿರುತ್ತಾನೆ, ನನ್ನ ತಪ್ಪಿಗೆ. ಮಾಂಸ ಹಾಳು ಮಾಡಿದವನ ಕಣ್ಣಿಗೆ ಪ್ರಾಣಿ ಮತ್ತೆ ಬೀಳುವುದಿಲ್ಲ ಅನ್ನುವುದನ್ನು ನೀನು ಶಾಲೆ ಕಲಿತವಳು ನಂಬುತ್ತೀಯೋ ಇಲ್ಲವೋ, ಅವನು ನಂಬುತ್ತಾನೆ. ಬಂದೂಕನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಿದ್ದಾನೆ. ಹುಡುಗರು ಅವನನ್ನು ಕಂಡರೆ ಮೂಗು ಮುಚ್ಚಿಕೊಂಡು, "ಚಿಕ್ಕಪ್ಪ, ಟಾರ್ಪಾಲು ಬೇಕಾ?" ಅನ್ನುತ್ತಾರೆ. ಅವನೂ ನಗುತ್ತಾನೆ. ಅದರ ಮೇಲೆ ನಿನ್ನ ಫೋನು.

ಲುಡ್ವಿನಾ ಅಜ್ಜಿ ನಮ್ಮ ಮನೆಯಲ್ಲೇ ಇದ್ದಾಳೆ, ನಿನ್ನ ಮಂಚದಲ್ಲೇ ಮಲಗುತ್ತಾಳೆ. ಉಣ್ಣುತ್ತಾಳೆ, ಮಣಿ ಪೋಣಿಸುತ್ತಾಳೆ, ಹಾಡು ಗುನುಗುತ್ತಾಳೆ, ಆ ವಿಷಯ ಮಾತ್ರ ಎತ್ತುವುದಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇವತ್ತು ಬೆಳಿಗ್ಗೆ ಹಿಟ್ಟು ನಾದುತ್ತಾ ಇದ್ದವಳಿಗೆ ಇನ್ನು ಸುಮ್ಮನಿರಲು ಆಗಲೇ ಇಲ್ಲ, ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಅವಳ ಮುಂದೆ ಕೂತು ಎಲ್ಲ ಹೇಳಿದೆ. ಟಾರ್ಪಾಲು ನಾನೇ ಕಟ್ಟಿದ್ದು, ನಿಮ್ಮ ಕಣ್ಣಿಗೆ ಬೀಳಬಾರದು ಅಂತಲೇ ಕಟ್ಟಿದ್ದು ಅಂದೆ.

ಅವಳು ಸೂಜಿಯಿಂದ ಕಣ್ಣೆತ್ತಲಿಲ್ಲ. "ಹುಟ್ಟಿದಾಗಿನಿಂದ ನನ್ನ ಕುಂಡೆ ದೋಣಿಲೇ ಕೂತಿರೋದು. ಅಡಿಗಿರೋದು ಹಾಸಿಗೆನೋ ಮೂಸಿನ ತೊಡೆನೋ ಅಂತ ಅದಕ್ಕೆ ಗೊತ್ತಾಗಲ್ವಾ?" ಅಂದಳು.

"ಮತ್ತೆ ಯಾಕೆ ಸುಮ್ನಿದ್ರಿ ಅತ್ತೆ?" ಅಂದೆ.

"ನೀನು ಹೇಳ್ತೀಯ ಅಂತ. ಈ ತಿರುವಲ್ಲಿ ಹೇಳ್ತಾಳೆ, ಆ ತಿರುವಲ್ಲಿ ಹೇಳ್ತಾಳೆ ಅಂತ ಕಾಯ್ತಾ ಬಂದೆ. ನದಿ ಮುಗೀತು, ನೀನು ಬಾಯಿ ಬಿಡ್ಲಿಲ್ಲ."

ಆಗ ನನಗೆ ತಡೆಯಲಾಗದೆ ಹೋದ ವರ್ಷದ ಮಾತು ಎತ್ತಿದೆ. ಮೂಸು ಈಜಿ ದಡ ಹತ್ತಿ ಹೋಯಿತು ಅಂದಿರಲ್ಲ, ಎಲ್ಲರ ಮುಂದೆ ನನ್ನ ಮಾನ ತೆಗೆದಿರಲ್ಲ ಅಂದೆ. ಅವಳು ಸೂಜಿ ಬಿಟ್ಟು ನನ್ನ ಮುಖ ನೋಡಿದಳು. "ನಾನಂದ್ನಾ? ಯಾವಾಗ?" ಅಂದಳು. ಆಮೇಲೆ ಅವಳಿಗೆ ನಗು ಬಂತು, ಭುಜ ಕುಣಿಸಿಕೊಂಡು ನಕ್ಕಳು. "ಚೆನ್ನಾಗೇ ಅಂದಿದೀನಿ!" ಅಂದಳು. ರೊಸಾಲಿ, ಒಂದು ವರ್ಷ ನಾನು ಹೊಟ್ಟೆಯಲ್ಲಿಟ್ಟು ಸಾಕಿದ ಮಾತು ಆಡಿದವಳಿಗೆ ನೆನಪೇ ಇಲ್ಲ. ನನಗೆ ಅಲ್ಲೇ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ನಗು ನಿಂತ ಮೇಲೆ ಅವಳು ಕಿಟಕಿಯ ಕಡೆ ಗದ್ದ ಎತ್ತಿ ತೋರಿಸಿದಳು. "ಇದನ್ನ ನನಗೆ ಹೇಳಿ ಏನು ಬಂತು ಜಸ್ಟೀನಾ? ನನ್ನ ಹೆಸರೇನೂ ಕೆಟ್ಟಿಲ್ಲ. ಹೆಸರು ಕೆಟ್ಟವನು ಅಲ್ಲಿ ನಿನ್ನ ಸೌದೆ ಒಡೀತಿದಾನೆ" ಅಂದಳು.

ಹೊರಗೆ ಹೋದೆ. ಊಟಕ್ಕೆ ಬೇಕಾದ ಸೌದೆ ಅವನು ಆಳೆತ್ತರ ಪೇರಿಸಿದ್ದ. ಹಂಡೆ ಮುಟ್ಟಬಾರದು ಅಂದರೆ ಸೌದೆಯನ್ನಾದರೂ ಮುಟ್ಟುತ್ತೇನೆ ಅಂತ ಇರಬೇಕು. ಶನಿವಾರ ಎಲ್ಲರ ಮುಂದೆ ನಿಜ ಹೇಳುತ್ತೇನೆ ಅಂದೆ. ಅವನು ಕೊಡಲಿ ಕೆಳಗಿಟ್ಟು, "ಬೇಡಿ ಅತ್ತಿಗೆ. ಅಣ್ಣನ ಊಟದ ದಿನ ನಿಮ್ಮ ಮುಖ ಸಣ್ಣದಾಗೋದು ಬೇಡ. ನನ್ನದು ಹೇಗೂ ಅಂಥ ಚಂದದ ಮುಖ ಅಲ್ವಲ್ಲ" ಅಂದ. ನಾನು ಸರಿ ಅಂದುಬಿಡುತ್ತಿದ್ದೆ. ಸುಳ್ಳಲ್ಲ, ನಾಲಿಗೆ ತುದಿಗೆ ಬಂದಿತ್ತು. ಅಷ್ಟಾದ ಮೇಲೂ ನನಗೆ ಹಾಗನ್ನಿಸಿತಲ್ಲ ಅನ್ನುವುದಕ್ಕೇ ಈಗ ಮಾಂಸಕ್ಕಿಂತ ಹೆಚ್ಚು ನಾಚಿಕೆಯಾಗುತ್ತಿದೆ.

ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಬರೆದು ಕಳಿಸಿದರೆ ನಾನು ಹಿಂದೆ ಸರಿಯಲಾಗುವುದಿಲ್ಲ. ಶನಿವಾರ ಸಾರು ಬಡಿಸುವ ಮೊದಲು, ಬಂದವರಿಗೆ ಮನೆಯವಳು ಎದ್ದು ನಿಂತು ಮಾತಾಡುವ ಹೊತ್ತಿನಲ್ಲಿ, ನಾನು ಎಲ್ಲವನ್ನೂ ಹೇಳುತ್ತೇನೆ. ದಾರಿಯಲ್ಲಿ ನಮಗೆ ಕೊಟ್ಟವರೆಲ್ಲ ಅಲ್ಲಿ ಕೂತಿರುತ್ತಾರೆ. ಹಂಡೆಯಲ್ಲಿರುವುದೂ ಅವರು ಕೊಟ್ಟದ್ದೇ. ನೀನು ನನ್ನ ಪಕ್ಕದಲ್ಲಿ ನಿಲ್ಲಬೇಕು ಅಂತ ನಾನು ಕೇಳುವುದಿಲ್ಲ. ಮೂಲೆಯಲ್ಲಿ ಕೂತು ತಲೆ ತಗ್ಗಿಸಿದರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಕೇಳುವುದು ಒಂದೇ. ಶುಕ್ರವಾರ ವಿಮಾನದಿಂದ ಇಳಿದಾಗ ನನ್ನ ಹತ್ತಿರ ಬರಬೇಡ. ಕಾಸ್ಮಸ್ ಬಂದಿರುತ್ತಾನೆ, ನಿನ್ನ ಚೀಲ ಹೊರಲು. ಜನರ ಹಿಂದೆ ಎಲ್ಲೋ ನಿಂತಿರುತ್ತಾನೆ. ಮೊದಲು ಅವನ ಹತ್ತಿರ ಹೋಗು. ಭಾನುವಾರ ಎಷ್ಟು ಜೋರಾಗಿ ಬೈದೆಯೋ ಅಷ್ಟೇ ಜೋರಾಗಿ, ಎಲ್ಲರಿಗೂ ಕೇಳುವ ಹಾಗೆ, ನಾಳೆ ಸೌಟು ನೀನೇ ಹಿಡಿಯಬೇಕು ಚಿಕ್ಕಪ್ಪ ಅನ್ನು.

ಚಳಿ ಬಿದ್ದಿದೆ ಈಗ, ಬೇಕಾಗಿದ್ದಾಗ ಬೀಳದ್ದು. ದಪ್ಪ ಕೋಟು ಹಾಕಿಕೊಂಡು ಬಾ.

ನಿನ್ನ ಮುಖ ನೋಡಲು ಹೆದರುತ್ತಿರುವ,
ಅಮ್ಮ,
ಜಸ್ಟೀನಾ

ತಾ.ಕ.: ಬರೆದದ್ದನ್ನು ಒಂದು ಸಲ ಓದಿದೆ. ಇದರಲ್ಲೂ ಒಂದು ಸುಳ್ಳು ಬಿಟ್ಟಿದ್ದೇನೆ. ಲುಡ್ವಿನಾ ಅಜ್ಜಿ ದಾರಿಯುದ್ದಕ್ಕೂ ಏಳಲೇ ಇಲ್ಲ ಅಂತ ಬರೆದೆನಲ್ಲ, ಎದ್ದಿದ್ದಳು. ಎರಡನೆಯ ದಿನ ಬೆಳಿಗ್ಗೆ ಒಂದು ಗುಡ್ಡದ ಬುಡದಲ್ಲಿ ದೋಣಿ ನಿಲ್ಲಿಸಲು ಹೇಳಿ, ಊಟಕ್ಕೆ ಕ್ರ್ಯಾನ್‌ಬೆರಿ ಹಣ್ಣು ಕಿತ್ತು ತರುತ್ತೇನೆ ಅಂತ ಬಕೆಟ್ ಹಿಡಿದು ಹತ್ತಿ ಹೋದಳು. ತುಂಬಾ ಹೊತ್ತು ಬರಲಿಲ್ಲ. ಕಾಸ್ಮಸ್ ಟಾರ್ಪಾಲಿನ ಗಂಟು ಬಿಚ್ಚಿ ಒಳಗೆ ಕೈ ಹಾಕಿ ನೋಡಿದ. "ಅತ್ತಿಗೆ, ಇನ್ನೂ ಕೆಟ್ಟಿಲ್ಲ. ತೊಡೆ ಬೆಚ್ಚಗಾಗಿದೆ ಅಷ್ಟೇ. ಈಗ್ಲೇ ಎತ್ತಿ ನೆರಳಿಗೆ ಕಟ್ಟೋಣ. ಅತ್ತೆಗೆ ಒಂದು ತುಂಡು ಕೊಟ್ಟು, ತಪ್ಪಾಯ್ತು ಅಂದು ನಕ್ಕುಬಿಡೋಣ" ಅಂದ. ನಾನು ಅವನ ಕೈ ತಳ್ಳಿ ಆ ಗಂಟನ್ನು ಮತ್ತೆ ಕಟ್ಟಿದೆ, ಮೊದಲಿಗಿಂತ ಬಿಗಿಯಾಗಿ. ಅವಳು ಖಾಲಿ ಬಕೆಟ್ ಹಿಡಿದು ಇಳಿದು ಬಂದಳು, ನಮ್ಮಿಬ್ಬರ ಮುಖ ನೋಡಿ ಮತ್ತೆ ಅಲ್ಲೇ ಕೂತಳು. ಇವತ್ತು ಬೆಳಿಗ್ಗೆ ನಾನು ಬಾಗಿಲು ದಾಟುವಾಗ ಹಿಂದಿನಿಂದ ಅಂದಳು: "ಆ ಗುಡ್ಡದಲ್ಲಿ ಯಾವತ್ತೂ ಒಂದು ಹಣ್ಣೂ ಬಿಟ್ಟಿಲ್ಲ ಕಣೇ ಹುಡುಗಿ."